ವಕೀಲರ ಫೀಸು ಯಾರು ಕೊಡುತ್ತಾರೆ?

ಅಂಗವಿಕಲರ ಮನೆಗಳಲ್ಲಿ ಆಸ್ತಿ ಪಾಲಿನ ತಕರಾರೋ ಕೆಲಸದಿಂದ ತೆಗೆದ ಸಂಕಟವೋ ಬಂದಾಗ ಮೊದಲು ಏಳುವ ಪ್ರಶ್ನೆ ಇದೇ. ಎಷ್ಟೋ ಜನ ಅಲ್ಲಿಗೇ ಸುಮ್ಮನಾಗಿಬಿಡುತ್ತಾರೆ. ನನಗೆ ನೋವಾಗುವುದು ಅದಕ್ಕೆ, ಯಾಕೆಂದರೆ ಉತ್ತರ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಅದರ 12ನೇ ಸೆಕ್ಷನ್ ಪ್ರಕಾರ ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಬಡವರಷ್ಟೇ ಅಲ್ಲ, ಆದಾಯ ಎಷ್ಟೇ ಇರಲಿ. ಆದಾಯ ಪ್ರಮಾಣಪತ್ರ ತನ್ನಿ ಎಂದು ಯಾರಾದರೂ ವಾಪಸು ಕಳಿಸಿದರೆ ಈ ಸೆಕ್ಷನ್ ತೋರಿಸಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ, ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರ ಇರುತ್ತದೆ. ಬಿಳಿ ಹಾಳೆಯ ಮೇಲೆ ಬರೆದ ಅರ್ಜಿಯೂ ನಡೆಯುತ್ತದೆ. ಮೆಟ್ಟಿಲು ಹತ್ತಲಾಗದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು. (ಕೋರ್ಟಿಗೇ ರ‍್ಯಾಂಪ್ ಇಲ್ಲದಿದ್ದರೆ ಅದೂ ಒಂದು ದೂರೇ.)

ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನ, ಗಾಲಿಕುರ್ಚಿಯಂಥವಕ್ಕೆ ಕೋರ್ಟು ಬೇಡ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜನ ವಿಆರ್‌ಡಬ್ಲ್ಯು ಅನ್ನುತ್ತಾರಲ್ಲ, ಅವರೇ. ಬಹಳಷ್ಟು ಮಂದಿ ಸ್ವತಃ ಅಂಗವಿಕಲರು, ಸಣ್ಣ ಗೌರವಧನಕ್ಕೆ ಊರೂರು ಸುತ್ತುವವರು. ಯಾವ ಅರ್ಜಿ ಯಾವ ಮೇಜಿನ ಮೇಲೆ ಕೂತಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು ಇರುತ್ತಾರೆ.

ಇಷ್ಟಾದರೂ ಕೆಲಸವಾಗದಿದ್ದರೆ, ಶಾಲೆಯೋ ಕಚೇರಿಯೋ ಹಕ್ಕು ನಿರಾಕರಿಸಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ.

ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು ಯಾರೆಂದು ನಾಳೆಯೇ ಕೇಳಿ, ಬೇಕಾದವರ ಮನೆಗೆ ತಿಳಿಸಿ.