ಒಂದು ‘ಎಲ್‌ವೈ’ ಮಾಡಿದ ಕೆಲಸ

ಬೋಧನಾಭ್ಯಾಸದ ಎರಡನೆಯ ವಾರ. ಎಂಟನೆಯ ತರಗತಿಗೆ ಇಂಗ್ಲಿಷ್ ಕ್ರಿಯಾವಿಶೇಷಣದ ಪಾಠ. ಪಾಠಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ನಿಯಮ ಒಂದೇ ಸಾಲಿನದು: ಗುಣವಾಚಕಕ್ಕೆ ‘ಎಲ್‌ವೈ’ ಸೇರಿಸಿದರೆ ಕ್ರಿಯಾವಿಶೇಷಣ. ಸ್ಲೋ–ಸ್ಲೋಲಿ, ಕ್ವಿಕ್–ಕ್ವಿಕ್ಲಿ, ಲೌಡ್–ಲೌಡ್ಲಿ. ಮಿಂಚುಪಟ್ಟಿಗಳನ್ನೂ ಮಾಡಿಕೊಂಡು ಹೋಗಿದ್ದೆ. ಉದಾಹರಣೆಗಳಿಂದ ನಿಯಮಕ್ಕೆ ಮಕ್ಕಳೇ ಬಂದರು. ವೀಕ್ಷಣೆಗೆ ಕುಳಿತಿದ್ದ ಸಹಪಾಠಿ ಒಳ್ಳೆಯ ಅಂಕವನ್ನೇ ಹಾಕಿದಳು. ನಿಯಮಕ್ಕೆ ಒಗ್ಗುವ ಉದಾಹರಣೆಗಳನ್ನಷ್ಟೇ ನಾನು ಆರಿಸಿಕೊಂಡಿದ್ದು ಅವಳಿಗೂ ಹೊಳೆಯಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಮನೆಯವರ ಬಗ್ಗೆ ಐದು ವಾಕ್ಯ ಬರೆದು ತರಲು ಹೇಳಿದ್ದೆ. ಮರುದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಓದಿದಳು: ‘ಮೈ ಫಾದರ್ ಹಾರ್ಡ್ಲಿ ವರ್ಕ್ಸ್.’

ನನಗೆ ನಗು ಬಂತು. ತಡೆದುಕೊಳ್ಳಬೇಕಿತ್ತು. “ಅಂದ್ರೆ ನಿಮ್ಮಪ್ಪ ಕೆಲಸಾನೇ ಮಾಡಲ್ವಾ?” ಎಂದುಬಿಟ್ಟೆ. ಇಡೀ ತರಗತಿ ಗೊಳ್ಳೆಂದಿತು.

ಹುಡುಗಿ ಕೂರಲಿಲ್ಲ. “ಮಾಡ್ತಾರೆ ಮಿಸ್. ಎಪಿಎಂಸಿ ಯಾರ್ಡಲ್ಲಿ ದಿನಾ ಚೀಲ ಹೊರ್ತಾರೆ” ಎಂದಳು. ಆಮೇಲೆ ಮೆಲ್ಲಗೆ, “ಎಲ್‌ವೈ ಹಚ್ಚಬೇಕು ಅಂತ ನೀವೇ ಹೇಳಿದ್ರಲ್ಲ ಮಿಸ್” ಎಂದಳು.

ಆ ಅವಧಿಯ ಉಳಿದ ಭಾಗ ಹೇಗೆ ಮುಗಿಯಿತೋ ನೆನಪಿಲ್ಲ.

ಅವಳು ಯೋಚಿಸಿದ ದಾರಿಯಲ್ಲಿ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ‘ಕಷ್ಟಪಟ್ಟು ದುಡಿಯುತ್ತಾರೆ’ ಎನ್ನಲು ಹಾರ್ಡ್ ತೆಗೆದುಕೊಂಡಳು, ನನ್ನ ನಿಯಮದಂತೆ ‘ಎಲ್‌ವೈ’ ಹಚ್ಚಿದಳು, ಕನ್ನಡದಲ್ಲಿ ಹೇಳುವ ಹಾಗೆ ಅದನ್ನು ಕ್ರಿಯಾಪದದ ಹಿಂದೆ ಇಟ್ಟಳು. ಬಂದ ಅರ್ಥ ಮಾತ್ರ ‘ನಮ್ಮಪ್ಪ ದುಡಿಯುವುದೇ ಇಲ್ಲ ಎನ್ನಬೇಕು’ ಎಂದು.

ಆ ರಾತ್ರಿ ನಿಘಂಟು ಹಿಡಿದು ಕುಳಿತೆ. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣ ಮಾಡಲು ಗುಣವಾಚಕದ ಕೊನೆಗೆ ಒಂದು ಸ್ವರ ಸೇರಿಸುವ ರೂಢಿಯೂ ಇತ್ತು. ಕಾಲಕ್ರಮದಲ್ಲಿ ಆ ಸ್ವರ ಸವೆದುಹೋಯಿತು. ಹಾಗಾಗಿ ಹಾರ್ಡ್, ಫಾಸ್ಟ್ ಮುಂತಾದವು ಎರಡೂ ಕೆಲಸಕ್ಕೆ ಒಂದೇ ರೂಪದಲ್ಲಿ ಉಳಿದವು. ಹಾರ್ಡ್ಲಿಗೂ ಹಿಂದೆ ‘ಬಲವಾಗಿ’, ‘ಕಷ್ಟದಿಂದ’ ಎಂಬ ಅರ್ಥಗಳೇ ಇದ್ದವು. ‘ಕಷ್ಟದಿಂದ ಆಗುವುದು’ ನಿಧಾನವಾಗಿ ಜಾರಿ ‘ಆಗುವುದೇ ಇಲ್ಲ ಎನ್ನುವಷ್ಟು’ ಎಂಬಲ್ಲಿಗೆ ಬಂದು ನಿಂತಿತು. ಕೆಲವು ಶತಮಾನಗಳ ಹಿಂದೆ ಬರೆದಿದ್ದರೆ ಹುಡುಗಿಯ ವಾಕ್ಯವನ್ನು ತಪ್ಪೆನ್ನಲು ಆಗುತ್ತಿರಲಿಲ್ಲವೇನೋ.

ಇದನ್ನು ಎಂಟನೆಯ ತರಗತಿಗೆ ಹೇಳುವುದು ಹೇಗೆ? ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಉತ್ತರ ಸಿಕ್ಕಿತು. ಪಕ್ಕದಲ್ಲಿದ್ದ ಅಜ್ಜಿ, “ಎಂಟೂವರೆ ಬಸ್ ಇವತ್ತು ಬರೋದು ಕಷ್ಟ ಕಣವ್ವ” ಎಂದರು. ಬಸ್ಸಿಗೇನು ಕಷ್ಟ? ಬರಲಿಕ್ಕಿಲ್ಲ ಎಂದು ಅವರ ಮಾತಿನ ಅರ್ಥ. ನಮ್ಮ ‘ಕಷ್ಟ’ವೂ ಅದೇ ದಾರಿ ಹಿಡಿದಿದೆಯಲ್ಲ!

ತರಗತಿಗೆ ಹೋಗಿ ಮೊದಲು, “ನಿನ್ನೆ ತಪ್ಪು ಮಾಡಿದ್ದು ನಾನು. ನಿಯಮ ಅರ್ಧ ಹೇಳಿದ್ದೆ, ಮೇಲೆ ನಕ್ಕೆ” ಎಂದೆ. ಹಿಂದೆ ಕುಳಿತಿದ್ದ ಮೇಲ್ವಿಚಾರಕರು ತಲೆ ಎತ್ತಿ ನೋಡಿದರು. ಆಮೇಲೆ ಕಪ್ಪುಹಲಗೆಯ ಮೇಲೆ ‘ಅಪ್ಪ ಕಷ್ಟಪಟ್ಟು ಬರುತ್ತಾರೆ’, ‘ಅಪ್ಪ ಬರೋದು ಕಷ್ಟ’ ಎಂದು ಬರೆದು ವ್ಯತ್ಯಾಸ ಕೇಳಿದೆ. ಹತ್ತಾರು ಕೈಗಳು ಮೇಲೆದ್ದವು. ಮೊದಲನೆಯದರ ಪಕ್ಕದಲ್ಲಿ ಹಾರ್ಡ್, ಎರಡನೆಯದರ ಪಕ್ಕದಲ್ಲಿ ಹಾರ್ಡ್ಲಿ ಬರೆದೆ. ಎರಡೂ ಸರಿಸಮ ಅನುವಾದಗಳಲ್ಲ, ನಿಜ. ಆದರೂ ಮಕ್ಕಳಿಗೆ ದಾರಿ ಕಂಡಿತು. ಹಾರ್ಡ್ ಕ್ರಿಯಾಪದದ ನಂತರ, ಹಾರ್ಡ್ಲಿ ಮುಖ್ಯ ಕ್ರಿಯಾಪದಕ್ಕಿಂತ ಮೊದಲು ಎಂದೆ. ಹಾರ್ಡ್ಲಿಯ ಹೊಟ್ಟೆಯಲ್ಲೇ ‘ಇಲ್ಲ’ ಇರುವುದರಿಂದ ಜೊತೆಗೆ ‘ನಾಟ್’ ಬೇಡ ಎಂದೂ ಹೇಳಿದೆ. ಕನ್ನಡದಲ್ಲಿ ‘ಇಲ್ಲ’ ವಾಕ್ಯದ ಕೊನೆಗೆ ಬಂದು ಎದ್ದು ಕಾಣುತ್ತದೆ. ಇಲ್ಲಿ ಅದು ನಡುವೆ ಅಡಗಿ ಕೂತಿರುತ್ತದೆ, ನಮ್ಮ ಮಕ್ಕಳು ಎಡವುವುದು ಅಲ್ಲಿಯೇ.

ಎರಡನ್ನೂ ಬಳಸಿ ಬರೆಯಲು ಹೇಳಿದಾಗ ಆ ಹುಡುಗಿ ಪುಸ್ತಕವನ್ನು ಕೈಯಿಂದ ಮರೆಮಾಡಿಕೊಂಡೇ ಬರೆದಳು. ಓದು ಎಂದು ನಾನು ಹೇಳಲಿಲ್ಲ. ಪುಸ್ತಕಗಳನ್ನು ತಿದ್ದುವಾಗ ನೋಡಿದೆ: ‘ಮೈ ಫಾದರ್ ವರ್ಕ್ಸ್ ಹಾರ್ಡ್. ಹಿ ಹಾರ್ಡ್ಲಿ ಸಿಟ್ಸ್.’

ಅದರ ಕೆಳಗಿದ್ದ ಪುಸ್ತಕದಲ್ಲಿ ಒಬ್ಬ ಹುಡುಗ, ‘ದ ಬಸ್ ಕೇಮ್ ಲೇಟ್ಲಿ’ ಎಂದು ಬರೆದಿದ್ದ. ಸೋಮವಾರದ ಪಾಠಯೋಜನೆಯನ್ನು ಮತ್ತೆ ಬರೆಯಬೇಕಾಯಿತು.