ಪಾಪಾಸುಕಳ್ಳಿಯ ಕೂಸು

'ಪಾಪಾಸು' ಎಂದರೆ ಪಾದರಕ್ಷೆ. ಪಾರಸಿಯಿಂದ ಬಂದ ಆ ಮಾತು ಕನ್ನಡಿಗರ ಬಾಯಿಂದ ಬಹುಮಟ್ಟಿಗೆ ಮರೆಯಾದರೂ, ಮೆಟ್ಟಿನ ಅಟ್ಟೆಯಂತೆ ಚಪ್ಪಟೆಯಾದ ಕಳ್ಳಿಯ ಹೆಸರಿನಲ್ಲಿ ಉಳಿದುಕೊಂಡಿದೆ. ಹೆಸರು ಪಾರಸಿಯದಾದರೆ ಗಿಡ ದಕ್ಷಿಣ ಅಮೆರಿಕದ್ದು. ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಗಳ ಕಡೆಯದು. ಅಟ್ಟೆಯಂತಿರುವುದು ಎಲೆಯಲ್ಲ, ಕಾಂಡ. ಹಗಲಿನ ಬಿಸಿಲಿಗೆ ಉಸಿರು ಕಟ್ಟಿಕೊಂಡಿದ್ದು, ಇರುಳ ತಂಪಿನಲ್ಲಿ ರಂಧ್ರಗಳನ್ನು ತೆರೆದು ಅದು ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಉದ್ದನೆಯ ಮುಳ್ಳು ಕಣ್ಣಿಗೆ ಕಂಡೀತು. ಅದರ ಬುಡದಲ್ಲಿ ಸುಂಕಿನಂತಿರುವ ನವುರು ಮುಳ್ಳು, ಚರ್ಮವನ್ನು ಹೊಕ್ಕ ಮೇಲೆಯೇ ತನ್ನ ಇರವನ್ನು ತಿಳಿಸುವುದು.

ಇದರ ಬಾಳಿನಲ್ಲಿ ಬಣ್ಣದ ಆಸೆಯೊಂದು ಕೈಯಾಡಿಸಿತು. ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಹುಳುವಿನಿಂದ ಕೆಂಪು ಬಣ್ಣವನ್ನು ತೆಗೆಯಬೇಕೆಂದು ಈಸ್ಟ್ ಇಂಡಿಯಾ ಕಂಪನಿಯವರ ಹಂಬಲ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ರಿಯೊ ಡಿ ಜನೈರೊದಿಂದ ಕಲ್ಕತ್ತೆಗೆ ಹುಳುವನ್ನು ತಂದನು. ಬಂದದ್ದು ಕಾಡುಜಾತಿ, ಬಣ್ಣ ಕಡಮೆ, ಹಸಿವು ಹೆಚ್ಚು. ಕಳ್ಳಿಯನ್ನೇ ಹೀರಿ ಮುಗಿಸಿತು! ವ್ಯಾಪಾರಕ್ಕೆ ಒದಗದ ಹುಳು ಬೇಸಾಯಕ್ಕೆ ಒದಗಿತು. 1836ರಿಂದ 1838ರ ಅವಧಿಯಲ್ಲಿ ಅದನ್ನು ಬೇಕೆಂದೇ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಕೀಟದಿಂದ ಕಳೆಯನ್ನು ಅಡಗಿಸಿದ ಜಗತ್ತಿನ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಆದರೆ ತೆರವಾದ ನೆಲಕ್ಕೆ ಇನ್ನೂ ಹೆಚ್ಚು ಮುಳ್ಳಿನ ದಾಯಾದಿ ಕಳ್ಳಿ ನುಗ್ಗಿತು. ಹಳೆಯ ಹುಳು ಅದನ್ನು ಮೂಸಿಯೂ ನೋಡಲಿಲ್ಲ. 1926ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಹುಳು ಬಂದ ಮೇಲೆಯೇ, ಕೆಲವೇ ವರ್ಷಗಳಲ್ಲಿ, ಅದರ ಸೊಕ್ಕು ಮುರಿದದ್ದು.

ಮಾಯಸಂದ್ರದ ತೆಂಗಿನ ತೋಟದ ಮನೆಯೊಂದರಲ್ಲಿರುವ ತೊಂಬತ್ತರ ಅಜ್ಜಿ ಈ ಇಸವಿಗಳನ್ನರಿಯರು. ತಾಯಿ ಹೇಳಿದ್ದಷ್ಟೇ ಅವರಿಗೆ ನೆನಪು. ಎರಡು ಎಕರೆ ಹೊಲ ಕಳ್ಳಿಯ ಪಾಲಾಗಿತ್ತಂತೆ. ಕಡಿದೆಸೆದ ತುಂಡುಗಳು ಬಿದ್ದಲ್ಲಿಯೇ ಬೇರುಬಿಟ್ಟುವು. ಬೆಳೆಯಿಲ್ಲದ ನೆಲಕ್ಕೂ ಕಂದಾಯ ತಪ್ಪಲಿಲ್ಲ. ಒಂದು ವರ್ಷ ಕಳ್ಳಿಗೆ ಅರಳೆಯಂತೆ ಬಿಳಿಯದೇನೋ ಮೆತ್ತಿಕೊಂಡಿತು. ಹಿಸುಕಿದರೆ ರಕ್ತದಂತೆ ಕೆಂಪು! ಪೊದೆಗಳು ಕೊಳೆತು ಕುಸಿದುವು. ಅಲ್ಲಿ ತೆಂಗಿನ ಸಸಿಗಳನ್ನು ಇಟ್ಟರು. ಆ ಮರಗಳಲ್ಲಿ ಕೆಲವು ಇಂದಿಗೂ ಕಾಯಿ ಬಿಡುತ್ತಿವೆ.

ಅಂಥ ಮನೆಗೆ ಮೊಮ್ಮಗ ಬೆಂಗಳೂರಿನಿಂದ ಗೇಣುದ್ದದ ಕಳ್ಳಿಯ ಕುಂಡವನ್ನು ತಂದನು. ಹಸಿರಿನ ಮೇಲೆ ಬಿಳಿ, ನಸುಗೆಂಪು ಬಣ್ಣಗಳ ಚಿತ್ತಾರ. 'ಜೋಸೆಫ್ಸ್ ಕೋಟ್' ಎಂಬ ಜಂಬದ ಹೆಸರು. ಅಜ್ಜಿ ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿ, "ಇದು ಪಾಪಾಸುಕಳ್ಳಿಯ ಕೂಸಲ್ಲವೇನೋ?" ಎಂದರು. ಹುಡುಗ ನಕ್ಕನು. ಸಸ್ಯಶಾಸ್ತ್ರ ಅಜ್ಜಿಯ ಪಕ್ಷ: ಬಣ್ಣದ ಆ ಗಿಡ ಒಪನ್ಷಿಯ ಮೊನಕಾಂತ, ಅದೇ ದಕ್ಷಿಣ ಅಮೆರಿಕದ ಕಳ್ಳಿಯ ಕುಳ್ಳ ರೂಪ. ಅದರಲ್ಲಿ ಅಚ್ಚ ಹಸಿರಿನ ಕುಡಿಯೊಡೆಯುವುದುಂಟು. ಚಿವುಟದಿದ್ದರೆ ಆ ಕುಡಿಯೇ ಬಲಿತು ಬಣ್ಣದ ಭಾಗವನ್ನು ಹಿಂದೆ ಹಾಕುತ್ತದೆ.

ಮೊಮ್ಮಗನ ಆಸೆಯನ್ನು ಮುರಿಯಲು ಅಜ್ಜಿಗೆ ಮನಸ್ಸಾಗಲಿಲ್ಲ. ಕುಂಡ ತಾರಸಿಯ ಮೇಲೆ ಉಳಿಯಿತು. ಕೋತಿಯೊಂದು ಉರುಳಿಸಿದಾಗ ಮುರಿದ ಎರಡು ತುಂಡುಗಳನ್ನು ಕೆಲಸದವಳು ತಿಪ್ಪೆಗೆ ಒಯ್ಯುತ್ತಿದ್ದಳು. ಅಜ್ಜಿ ಅವಳನ್ನು ತಡೆದು, ತಾವೇ ಇಕ್ಕಳದಿಂದ ಹಿಡಿದು, ತೆಂಗಿನ ಮಟ್ಟೆ ಉರಿಯುತ್ತಿದ್ದ ನೀರೊಲೆಗೆ ಹಾಕಿದರು.