ಹೊತ್ತಿಲ್ಲದ ಮನೆಯ ಅಡುಗೆ



ಅಡುಗೆಗೆ ಹೊತ್ತಿಲ್ಲವೆಂಬ ಮಾತು ಈಗ ಪಟ್ಟಣದವರದು ಮಾತ್ರವಾಗಿ ಉಳಿದಿಲ್ಲ. ಮಳವಳ್ಳಿ ಸೀಮೆಯ ಕಿರುಗಾವಲಿನಂತಹ ಊರಿನಲ್ಲಿಯೂ ಬೆಳಗಿನ ಬಸ್ಸು ಹಿಡಿದು ಮೈಸೂರಿಗೋ ಮಂಡ್ಯಕ್ಕೋ ಕೆಲಸಕ್ಕೆ ಹೊರಡುವ ದಂಪತಿಗಳಿದ್ದಾರೆ. ಅವರು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ರಾತ್ರಿಯ ಊಟ ಬೇಕರಿಯ ತಿನಿಸಿಗೂ ಪೊಟ್ಟಣದ ನೂಡಲ್ಸಿಗೂ ಇಳಿಯುತ್ತಿರುವುದು ಹೀಗೆ. ಇಂತಹ ಮನೆಗಳಿಗೆ ಹೊಸ ಪಾಕಶಾಸ್ತ್ರವೇನೂ ಬೇಕಾಗಿಲ್ಲ. ದಿನವಿಡೀ ಗದ್ದೆಯಲ್ಲಿ ದುಡಿದು ಬರುತ್ತಿದ್ದ ಆ ಸೀಮೆಯ ತಾಯಂದಿರಿಗೂ ಹೊತ್ತಿರಲಿಲ್ಲ. ಹೊತ್ತಿಲ್ಲದವರೇ ಕಂಡುಕೊಂಡ ಅಡುಗೆ ಉಪ್ಪೆಸರು.

ಬೆಳಿಗ್ಗೆ ಮನೆ ಬಿಡುವಾಗ ಒಂದು ಪಾವು ಹುರುಳಿಯನ್ನೋ ಅಲಸಂದೆಯನ್ನೋ ನೆನೆಹಾಕಿ ಹೋಗಿರಿ. ಸಂಜೆ ಅದನ್ನು ಕುಕ್ಕರಿನಲ್ಲಿ ಬೇಯಿಸಿ, ದಂಟಿನ ಸೊಪ್ಪನ್ನಾಗಲಿ ಬೆರಕೆ ಸೊಪ್ಪನ್ನಾಗಲಿ ಉಪ್ಪಿನೊಡನೆ ಸೇರಿಸಿ ಇನ್ನೊಂದು ಕುದಿ ಬರಿಸಿರಿ. ನೀರು ಬಸಿದರೆ ಅದೇ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಹೀಗೆ ಒಂದೇ ಪಾತ್ರೆಯಲ್ಲಿ ಎರಡು ವ್ಯಂಜನಗಳಾದುವು. ಸೊಪ್ಪಿನ ಸತ್ತ್ವದಲ್ಲಿ ನೀರಿಗಿಳಿದ ಭಾಗವೂ ಚರಂಡಿಯ ಪಾಲಾಗದೆ ತಟ್ಟೆಗೇ ಬರುತ್ತದೆ. ಮೆಣಸಿನಕಾಯಿ, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಹುಣಸೆಹಣ್ಣನ್ನು ಹುರಿದು ಅರೆದ ಖಾರವನ್ನು ಬೇರೆಯಾಗಿಯೇ ಇಡುತ್ತಾರೆ. ಈ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಮೆಯೇ. ಮಗುವಿಗೆ ಚಿಟಿಕೆ, ಹೊಟ್ಟೆಯುರಿಯ ಅಜ್ಜನಿಗೆ ಅದೂ ಬೇಡ, ಗಟ್ಟಿ ನಾಲಿಗೆಯವರಿಗೆ ಬೇಕಾದಷ್ಟು. ಒಂದೇ ಸಾರು ಮನೆಮಂದಿಗೆಲ್ಲ ಸಲ್ಲುತ್ತದೆ. ಭಾನುವಾರ ಅರೆದಿಟ್ಟ ಖಾರ ಎರಡು ಮೂರು ದಿನ ಕೆಡದು. ಪಲ್ಯಕ್ಕೆ ನಿಂಬೆ ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ.

ಇದಕ್ಕೆ ಜೊತೆ ರಾಗಿಯ ಹಿಟ್ಟು. ಎಸರು ಕುದಿಯಲು ಹತ್ತು ನಿಮಿಷ, ಹಿಟ್ಟು ಬೆಂದು ತೊಳಸಲು ಮತ್ತೆ ಹತ್ತು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 300 ಮಿಲಿಗ್ರಾಮಿಗೂ ಮೀರಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಸಂತೋಷವೇ, ಮಂಡ್ಯದ ಮುದುಕಿಯರು ಮಾತ್ರ ಅದಕ್ಕಾಗಿ ಕಾದು ಕುಳಿತಿರಲಿಲ್ಲ.

ಇಷ್ಟನ್ನು ಒಮ್ಮೆ ಆ ಕಡೆಯ ಗೃಹಿಣಿಯೊಬ್ಬರಿಗೆ ಹೇಳಿದೆವು. ಆಕೆ ಶಿಕ್ಷಕಿ, ಪತಿ ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿದವರು. ಆಕೆ ತಲೆ ತಗ್ಗಿಸಿ, “ಬುದ್ಧಿ, ಅಡುಗೆ ನನಗೆ ಗೊತ್ತಿಲ್ಲದೆ ಇಲ್ಲ. ಸೊಪ್ಪು ಬಿಡಿಸುವವರು ಯಾರು?” ಎಂದರು. ಪತಿ ಗೋಡೆಯ ಕಡೆ ನೋಡಿದರು.

ಓದುಗರೇ, ಹೊತ್ತಿಲ್ಲವೆಂಬ ಮಾತಿನ ಬೇರು ಇಲ್ಲಿದೆ. ಸೊಪ್ಪು ಬೇಯಲು ಕಾಲು ಗಂಟೆ ಸಾಕು. ಬಿಡಿಸಿ, ಮೂರು ನೀರಿನಲ್ಲಿ ತೊಳೆದು, ಹೆಚ್ಚಲು ಅದರ ಎರಡರಷ್ಟು ಬೇಕು. ಆ ಕೆಲಸವೆಲ್ಲ ಎರಡೇ ಕೈಗಳ ಮೇಲೆ ಬಿದ್ದರೆ ಆ ಕೈಗಳು ಪೊಟ್ಟಣ ಹರಿಯದೆ ಇನ್ನೇನು ಮಾಡಿಯಾವು? ಮಠದ ನಿಲಯಗಳಲ್ಲಿ ಬೆಳೆದ ಹಿರಿಯ ವಿದ್ಯಾರ್ಥಿಗಳನ್ನು ನಾವು ನೇರವಾಗಿಯೇ ಕೇಳುತ್ತೇವೆ. ಅಕ್ಕಿಯ ಕಲ್ಲು ಆರಿಸಿದವರು, ಸರದಿಯ ಮೇಲೆ ಸೊಪ್ಪು ಬಿಡಿಸಿದವರು, ಪಂಕ್ತಿಯಲ್ಲಿ ಬಡಿಸಿ ಎಲ್ಲರೂ ಎದ್ದ ಮೇಲೆ ಉಂಡವರು ನೀವು. ಮದುವೆಯಾದೊಡನೆ ಉಪ್ಪಿನ ಭರಣಿ ಎಲ್ಲಿದೆಯೆಂಬುದೇ ಮರೆತುಹೋಯಿತೇ? ದಾಸೋಹದ ಕೋಣೆಯಲ್ಲಿ ಕಾಯಕವಾಗಿದ್ದದ್ದು ಮನೆಯ ಒಲೆಯ ಮುಂದೆ ಹೆಂಗಸರ ಕೆಲಸವಾದದ್ದು ಯಾವ ನ್ಯಾಯ? ಎಲ್ಲರಿಗೂ ಬಡಿಸಿ, ಕೊನೆಗೆ ಪಲ್ಯವಿಲ್ಲದೆ ಬರಿಯ ಸಾರಿನಲ್ಲಿ ಉಣ್ಣುವ ತಾಯಿಗೆ ರಕ್ತ ಕಡಮೆಯೆಂದು ವೈದ್ಯರು ಹೇಳಿದಾಗ ಆ ಮನೆಯವರು ಬೆರಗಾಗಬೇಕಾಗಿಲ್ಲ.

ಅನ್ನವೇ ಬೇಕೆನ್ನುವ ಮನೆಗೂ ದಾರಿಯುಂಟು. ಕಿರುಗಾವಲಿನ ರೈತ ಸಯ್ಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ಬೆಳೆದು ಕಾಪಾಡಿಕೊಂಡು ಬಂದಿದ್ದಾರೆ. ರಾಜಮುಡಿಯಂತಹ ಕೆಂಪಕ್ಕಿಯನ್ನು ಪೂರ್ತಿ ಪಾಲಿಶ್ ಮಾಡಿಸದೆ ತಂದರೆ ತೌಡಿನ ಸತ್ತ್ವ ಉಳಿಯುತ್ತದೆ. ಬೇಯುವುದು ತುಸು ನಿಧಾನ. ಬಸ್ಸಿಳಿದು ಬಂದೊಡನೆ ತೊಳೆದು ನೆನೆಹಾಕಿ, ಸೊಪ್ಪು ಬಿಡಿಸಿ ಮುಗಿಸುವಷ್ಟರಲ್ಲಿ ಒಲೆಗಿಡಲು ಸಿದ್ಧವಾಗಿರುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಹಿಟ್ಟು ಒಳ್ಳೆಯದೆಂದು ಎರಡೆರಡು ದೊಡ್ಡ ಮುದ್ದೆ ನುಂಗುವವರನ್ನು ಕಂಡಿದ್ದೇವೆ. ರಾಗಿಯಲ್ಲಿಯೂ ಪಿಷ್ಟವೇ ಹೆಚ್ಚು. ಮುದ್ದೆ ಚಿಕ್ಕದಿರಲಿ, ಕಾಳುಸೊಪ್ಪು ಅದಕ್ಕಿಂತ ದೊಡ್ಡ ಹಿಡಿ ಇರಲಿ. ವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ಬಿಡುವುದು ಬೇಡ.